ದೊಡ್ಡತ್ತೆಯ ಉಳ್ಳಾಗಡ್ಡಿ ಪರೀಕ್ಷೆ

ನಮ್ಮ ದೊಡ್ಡತ್ತೆಯ ಎದುರು ನಿಂತು "ನಾನೀಗ ಪೂರ್ತಿ ಹುಷಾರಾಗಿದ್ದೀನಿ" ಎಂದು ಹೇಳುವ ಗಂಡೆದೆಯವರು ಬಳ್ಳಾರಿ ಜಿಲ್ಲೆಯಲ್ಲೇ ಇರಲಿಲ್ಲ! ಜಿಲ್ಲೆ ಎಂದದ್ದು ಸ್ವಲ್ಪ ಹೆಚ್ಚಾಯಿತೇನೋ. ಹಡಗಲಿ, ಹರಪನಹಳ್ಳಿಯ ಕಡೆ ಒಬ್ಬಿಬ್ಬರು ಇದ್ದಿರಬಹುದು, ನಾನು ಕಂಡವಳಲ್ಲ. ಸಿರುಗುಪ್ಪದಿಂದ ಕುರುಗೋಡಿನವರೆಗೆ ಹಬ್ಬಿದ್ದ ನಮ್ಮ ಬಳಗದಲ್ಲಂತೂ ಇರಲಿಲ್ಲ.

ಯಾಕೆಂದರೆ ಹಾಗೆ ಹೇಳಿದವರ ಮುಂದೆ ದೊಡ್ಡತ್ತೆ "ಹೌದಾ? ಭಾಳ ಚಲೋ ಆತು" ಎನ್ನುತ್ತ ಒಂದು ಉಳ್ಳಾಗಡ್ಡಿ ಇಡುತ್ತಿದ್ದರು. ನಮ್ಮ ಕಡೆ ರೊಟ್ಟಿಯ ಜೊತೆ ತಿನ್ನುವ ಉಳ್ಳಾಗಡ್ಡಿಗೆ ಚಾಕು ತೋರಿಸುವ ಪದ್ಧತಿಯಿಲ್ಲ. ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು ಕೊಟ್ಟರೆ ಅದು ತಾನೇ ಬಾಯಿ ಬಿಡಬೇಕು. ಹೊಲದಲ್ಲಿ ಬುತ್ತಿ ಬಿಚ್ಚಿದವರೆಲ್ಲ ಮಾಡುವ ಕೆಲಸ ಅದು. ದೊಡ್ಡತ್ತೆ ಅದನ್ನೇ ವೈದ್ಯಶಾಸ್ತ್ರ ಮಾಡಿಕೊಂಡಿದ್ದರು. ಒಂದೇ ಗುದ್ದಿಗೆ ಒಡೆಯಿತೋ, ಮನುಷ್ಯ ಎದ್ದ. ಒಡೆಯಲಿಲ್ಲವೋ, ಆತ ಇನ್ನೂ ರೋಗಿ. ಇನ್ನು ಹದಿನೈದು ದಿನ ದೊಡ್ಡತ್ತೆ ಹಾಕಿದ್ದನ್ನು ಹಾಕಿದಷ್ಟು ಉಣ್ಣಬೇಕು. ಥರ್ಮಾಮೀಟರು, ನಾಡಿ, ರಕ್ತಪರೀಕ್ಷೆ ಎಲ್ಲ ಇದರ ಮುಂದೆ ಕೈಕಟ್ಟಿ ನಿಲ್ಲಬೇಕು.

ಕುರುಗೋಡಿನ ನಮ್ಮ ಸಂಬಂಧಿಕರೊಬ್ಬರು ಒಮ್ಮೆ ಕಾಮಾಲೆಯಿಂದ ಎದ್ದಿದ್ದರು. ಊರಲ್ಲಿ ನಾಲ್ಕು ಜನರಿಗೆ ನ್ಯಾಯ ಹೇಳುವ ದೊಡ್ಡ ಮನುಷ್ಯರು. ದೊಡ್ಡತ್ತೆಯ ಉಪ್ಪಿಲ್ಲದ ಗಂಜಿ ಕುಡಿದು ಕುಡಿದು ಬೇಸತ್ತು, ಒಂದು ಉಳ್ಳಾಗಡ್ಡಿಯನ್ನು ಮೊದಲೇ ಚಾಕುವಿನಿಂದ ಅಡ್ಡಕ್ಕೂ ಉದ್ದಕ್ಕೂ ಮುಕ್ಕಾಲು ಪಾಲು ಸೀಳಿ, ಸೀಳಿದ ಕಡೆಯನ್ನು ಕೆಳಗೆ ಮಾಡಿ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರಂತೆ. ಪರೀಕ್ಷೆಯ ದಿನ ಅದನ್ನೇ ಆರಿಸಿ ತೆಗೆದು, ಎಲ್ಲರೂ ನೋಡುವಂತೆ ಗುದ್ದಿದರು. ಉಳ್ಳಾಗಡ್ಡಿ ಸರಿಸಮ ನಾಲ್ಕು ಹೋಳಾಯಿತು. ದೊಡ್ಡತ್ತೆ ಹೋಳುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಮುಷ್ಟಿಲಿ ಒಡದದ್ದು ಹಿಂಗ ಅಳತಿ ಹಿಡದು ಒಡೆಯಂಗಿಲ್ರಿ ಯಜಮಾನ್ರ" ಎಂದು ಹೇಳಿ ಒಳಗೆ ಹೋಗಿ ಮತ್ತೆ ಗಂಜಿಗಿಟ್ಟರು. ಅಂದಿನಿಂದ ಪರೀಕ್ಷೆಯ ಉಳ್ಳಾಗಡ್ಡಿ ಯಾರ ಮನೆಯ ಬುಟ್ಟಿಯಿಂದಲೂ ಬರಲಿಲ್ಲ, ದೊಡ್ಡತ್ತೆಯ ಚೀಲದಿಂದಲೇ ಬರುತ್ತಿತ್ತು.

ದೊಡ್ಡತ್ತೆ ಎಂದರೆ ನನ್ನ ಮಾವನ ಅಕ್ಕ. ನನ್ನ ಯಜಮಾನರು ಅವರನ್ನು "ಅತ್ತಿ" ಎನ್ನುತ್ತಿದ್ದರು. ನನಗೆ ಸಿರಿಗೇರಿಯಲ್ಲಿ ಸ್ವಂತ ಅತ್ತೆಯೇ ಇದ್ದುದರಿಂದ ಇವರು ದೊಡ್ಡತ್ತೆಯಾದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಬಾದನಹಟ್ಟಿಯಲ್ಲಿ ಒಂದಿಷ್ಟು ಹೊಲ, ಒಂದು ಎಮ್ಮೆ, ಒಂದು ಬೀಸುವ ಕಲ್ಲು. ಯಾರಿಗಾದರೂ ಜ್ವರ ಬಂದರೆ ಅವರು ಬರುತ್ತಿರಲಿಲ್ಲ. "ಜ್ವರ ಡಾಕ್ಟರಂದು. ಜ್ವರ ಬಿಟ್ಟ ಮನುಷ್ಯಾ ನನ್ನಾವ" ಎನ್ನುತ್ತಿದ್ದರು. ಜ್ವರ ಬಿಟ್ಟ ಸುದ್ದಿ ಬಂದ ಮರುದಿನ ಮಾತ್ರ ತಪ್ಪದೆ ಹಾಜರು. ಅವರಿಗೆ ಸುದ್ದಿ ಹೇಗೆ ಮುಟ್ಟುತ್ತಿತ್ತು? ಆ ಕಾಲದಲ್ಲಿ ನಮಗ್ಯಾರಿಗೂ ಫೋನಿರಲಿಲ್ಲ, ಬಸ್ಸಿನ ಕಂಡಕ್ಟರುಗಳಿದ್ದರು. ಆ ಕಡೆಯ ಬಸ್ಸುಗಳ ಅರ್ಧ ಕಂಡಕ್ಟರುಗಳು ಒಂದಲ್ಲ ಒಂದು ಸಲ ದೊಡ್ಡತ್ತೆಯ ಗಂಜಿ ಕುಡಿದವರೇ.

ಎಪ್ಪತ್ತರ ದಶಕದ ನಡುವೆ ನನ್ನ ಸರದಿಯೂ ಬಂತು. ನಾವಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಯಜಮಾನರು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಚೊಚ್ಚಲ ಮಗನಿಗೆ ಆರು ತಿಂಗಳು ತುಂಬಿದ್ದವು. ಅಷ್ಟರಲ್ಲಿ ನನಗೆ ಟೈಫಾಯಿಡ್ ಜ್ವರ ಹಿಡಿಯಿತು. ಡಾಕ್ಟರು ಕೂಸನ್ನು ದೂರ ಇಡಿ ಎಂದರು. ಸಿರಿಗೇರಿಯಿಂದ ನನ್ನತ್ತೆ ಬಂದು ಕೂಸನ್ನು ಎತ್ತಿಕೊಂಡು ಹೋದರು. ಹೊಸ್ತಿಲು ದಾಟುವಾಗ ಅದು ಅವರ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ನಾನು ಜ್ವರದ ಮಂಪರಿನಲ್ಲಿದ್ದೆ, ಕೈ ಎತ್ತಿ ಬೀಸಲೂ ಆಗಲಿಲ್ಲ.

ಮೂರು ವಾರದ ಮೇಲೆ ಜ್ವರ ಬಿಟ್ಟಿತು. ಬಿಟ್ಟಿತು ಎಂದರೆ ನನ್ನನ್ನು ಬಿಟ್ಟಿತು ಅಷ್ಟೇ, ನನ್ನಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಎದೆಹಾಲು ಬತ್ತಿತ್ತು. ತಲೆಗೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬರುತ್ತಿತ್ತು. ಬಚ್ಚಲಿಗೆ ಹೋಗಬೇಕಾದರೆ ಗೋಡೆ ಹಿಡಿಯಬೇಕು. ನನಗೆ ಬೇಕಾದದ್ದು ಒಂದೇ, ನನ್ನ ಕೂಸು. ಡಾಕ್ಟರು ಮಾತ್ರ "ಇನ್ನೂ ಬೇಡಮ್ಮ, ಮೈಯಲ್ಲಿ ಶಕ್ತಿ ಇಲ್ಲ, ಇನ್ನೊಂದು ಜ್ವರ ಬಂದರೆ ತಡೆಯೋದಿಲ್ಲ" ಎಂದರು. ಅತ್ತೆಯಿಂದ ಕಾಗದ ಬಂತು: ಕೂಸು ಆರಾಮ ಐತಿ, ನಕ್ಕೋತ ಆಡಿಕೋತ ಐತಿ, ಅವಸರ ಬ್ಯಾಡ. ಅದನ್ನು ಓದಿ ನನಗೆ ಸಂತೋಷವಾಗಬೇಕಿತ್ತು. ನಾನಿಲ್ಲದೆಯೂ ನಗುತ್ತಿದೆಯಲ್ಲ ಎಂದು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ.

ಅದರ ಮರುದಿನವೇ ಬೆಳಗಿನ ಬಸ್ಸಿಗೆ ದೊಡ್ಡತ್ತೆ ಬಂದಿಳಿದರು. ಜೊತೆಗೆ ನಾಲ್ಕು ಗಂಟು. ಜೋಳ, ನವಣೆ, ಹುರಳಿ, ಹೆಸರುಬೇಳೆ, ಒಣಗಿಸಿದ ನುಗ್ಗೆಸೊಪ್ಪು, ಎಮ್ಮೆ ತುಪ್ಪದ ಡಬ್ಬಿ. ಹೇಗಿದ್ದೀಯ ಎಂದು ಕೇಳಲಿಲ್ಲ. ಪಕ್ಕದಲ್ಲಿ ಕೂತು ನನ್ನ ಮೀನಖಂಡ ಹಿಸುಕಿ ನೋಡಿದರು, ಉಗುರು ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಸಂತೆಯಲ್ಲಿ ಎಮ್ಮೆ ನೋಡುವವರೂ ಅಷ್ಟು ನೋಡುವುದಿಲ್ಲ.

"ಕೂಸು ಯಾವಾಗ ಬೇಕು ನಿನಗ?" ಎಂದರು.

"ಇವತ್ತೇ ಬೇಕ್ರಿ ದೊಡ್ಡತ್ತಿ."

"ಬಂದ್ರ ಎತ್ತಿಕೊಳ್ತೀಯೇನು?"

"ಯಾಕ ಎತ್ತಿಕೊಳ್ಳಂಗಿಲ್ಲ? ನಾ ಹುಷಾರದೀನಿ."

ಬಾಯಿ ಜಾರಿತ್ತು! ದೊಡ್ಡತ್ತೆ ಉಳ್ಳಾಗಡ್ಡಿಯನ್ನೇನೂ ತೆಗೆಯಲಿಲ್ಲ, ಅಷ್ಟರ ಮಟ್ಟಿಗೆ ಕರುಣೆ ತೋರಿಸಿದರು. ಜೋಳದ ಗಂಟನ್ನು ನನ್ನ ಕೈಯಲ್ಲಿಟ್ಟರು. ಗಂಟು ಕೈಯಿಂದ ಜಾರಿ ತೊಡೆಯ ಮೇಲೆ ಬಿತ್ತು. "ಕೂಸು ಇದಕ್ಕಿಂತ ಭಾರ ಐತಿ ಬೇ. ಇದರಂಗ ಸುಮ್ನೂ ಇರಂಗಿಲ್ಲ, ಒದೀತೈತಿ" ಎಂದರು. "ನೀ ಉಳ್ಳಾಗಡ್ಡಿ ಒಡದ ದಿನ ಕೂಸು ತರ್ಸತೀನಿ. ಅದಕ್ಕ ಒಂಬತ್ತು ತಿಂಗಳು ತುಂಬೋದ್ರಾಗ ಒಡೀಬೇಕು. ತಡಾ ಮಾಡಂಗಿಲ್ಲ."

ಇದು ನನಗೆ ಆಶ್ಚರ್ಯವಾಗಿತ್ತು. ಬೇರೆಯವರ ಮನೆಯಲ್ಲಿ ದೊಡ್ಡತ್ತೆಗೆ ಎಂದೂ ಅವಸರವಿರುತ್ತಿರಲಿಲ್ಲ. ಹದಿನೈದು ದಿನ, ಮತ್ತೆ ಹದಿನೈದು ದಿನ ಎಂದು ಕಾಲು ಚಾಚಿ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯತೊಡಗಿದರು.

ಶುರುವಾಯಿತು ನೋಡಿ! ಮೊದಲ ವಾರ ಅಕ್ಕಿ ಗಂಜಿಯ ತಿಳಿ, ಬೆಣ್ಣೆ ತೆಗೆದ ಮಜ್ಜಿಗೆ. ಎರಡು ತಾಸಿಗೊಮ್ಮೆ, ಒಂದೊಂದೇ ಬಟ್ಟಲು. ಆಮೇಲೆ ಹೆಸರುಬೇಳೆ ಬೇಯಿಸಿ ಬಸಿದ ಕಟ್ಟು. ಆಮೇಲೆ ಮೆತ್ತಗೆ ಬೆಂದ ಅನ್ನ, ಹೀರೇಕಾಯಿ ಪಲ್ಯ. ಆಮೇಲೆ ನವಣೆ ಅನ್ನ, ನುಗ್ಗೆಸೊಪ್ಪಿನ ಬೇಳೆ. "ಹೊಟ್ಟಿ ಈಗ ಎಳೇ ಕೂಸು ಇದ್ದಂಗ. ಅದಕ್ಕ ಅಂಬೆಗಾಲು ಕಲಿಸಿ, ಆಮ್ಯಾಲೆ ನಡಿಯಾಕ ಕಲಿಸಬೇಕು" ಎನ್ನುವುದು ದೊಡ್ಡತ್ತೆಯ ಸಿದ್ಧಾಂತ. ಬೆಳಿಗ್ಗೆ ಎಳೆ ಬಿಸಿಲಿಗೆ ಮಾಳಿಗೆಯ ಮೇಲೆ ಕೂರಿಸುತ್ತಿದ್ದರು. ಬಳ್ಳಾರಿಯ ಬಿಸಿಲಿಗೆ ಎಳೆತನ ಇರುವುದೇ ಅರ್ಧ ಗಂಟೆ. ಅದು ಮುಗಿಯುವುದರೊಳಗೆ ಎಬ್ಬಿಸಿ, ಕೈ ಹಿಡಿದು ಮಾಳಿಗೆಯ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದರು.

ನನ್ನನ್ನು ದಂಗುಬಡಿಸಿದ್ದು ಇನ್ನೊಂದು. ನನಗೆ ಏನು ಬಡಿಸುತ್ತಿದ್ದರೋ ಅದನ್ನೇ ಅಷ್ಟೇ ಬಡಿಸಿಕೊಂಡು ಎದುರಿಗೆ ಕೂತು ತಾವೂ ಉಣ್ಣುತ್ತಿದ್ದರು. ನನಗೆ ಗಂಜಿಯ ತಿಳಿಯಾದರೆ ಅವರಿಗೂ ಗಂಜಿಯ ತಿಳಿ. ನನಗೆ ಉಪ್ಪು ಕಡಿಮೆಯಾದರೆ ಅವರಿಗೂ ಕಡಿಮೆ. ಐವತ್ತು ದಾಟಿದ ಗಟ್ಟಿಮುಟ್ಟು ಹೆಂಗಸು, ದಿನವಿಡೀ ಬೀಸಿ ಕುಟ್ಟಿ ದುಡಿಯುವವರು, ಬಟ್ಟಲು ತಿಳಿ ಕುಡಿದು ಎದ್ದು ಹೋಗುತ್ತಿದ್ದರು. ನಾನು ಒಮ್ಮೆ ಕೇಳಿದೆ, "ನಿಮಗ್ಯಾಕ್ರಿ ಪಥ್ಯ?" ಎಂದು. "ಒಬ್ಬಾಕಿನ ಗೋಡಿ ನೋಡಿಕೋತ ಗಂಜಿ ಕುಡದ್ರ ಮೈಗೆ ಹತ್ತಂಗಿಲ್ಲ" ಎಂದರು. ನನ್ನ ಯಜಮಾನರಿಗೂ ಅದೇ ಊಟ. ಪಾಪ, ಮೂರೇ ವಾರದಲ್ಲಿ ಅವರ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಮಿಲ್ಲಿನಲ್ಲಿ ಎಲ್ಲರೂ ಟೈಫಾಯಿಡ್ ಬಂದದ್ದು ಇವರಿಗೇ ಎಂದು ತಿಳಿದಿದ್ದರಂತೆ!

ನೋಡಲು ಬಂದವರಿಗೂ ಪಥ್ಯವಿತ್ತು, ಬಾಯಿ ಪಥ್ಯ. ನಮ್ಮ ಓಣಿಯ ಹೆಂಗಸೊಬ್ಬರು ಬಂದವರೇ ಗಲ್ಲದ ಮೇಲೆ ಕೈಯಿಟ್ಟುಕೊಂಡು "ಅಯ್ಯೋ ಶಿವನೇ, ಎಷ್ಟು ಸೊರಗಿಬಿಟ್ಟೀಯವ್ವ, ಗುರ್ತಾ ಸಿಗಂಗಿಲ್ಲ" ಎಂದರು. ದೊಡ್ಡತ್ತೆ ಅವರ ತೋಳು ಹಿಡಿದು ಹೊರಗೆ ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, "ನೋಡವ್ವ, ಈಗಷ್ಟ ಒಂದು ಬಟ್ಟಲ ಕಟ್ಟು ಕುಡಿಸೀನಿ. ನಿನ್ನ ಒಂದ ಮಾತಿಗೆ ಅದು ನೀರಾಗಿ ಹೋತು. ನೀ ಬಂದದ್ದು ಭಾಳ ಸಂತೋಷ, ಇನ್ನ ಮುಂದಿನ ತಿಂಗಳು ಬಾ" ಎಂದು ಕಳಿಸಿಕೊಟ್ಟರು. ಗೋಡೆಯ ಕನ್ನಡಿಯನ್ನೂ ಮಗುಚಿ ಹಾಕಿದರು. ಕೂದಲು ಉದುರಿದ್ದಕ್ಕೆ ನಾನು ಅಳುತ್ತಿದ್ದರೆ, "ಕೂದಲಿಗೂ ಉಣ್ಣಾಕ ಹಾಕೂಣು, ಸಾಲಾಗಿ ನಿಂತಿರಲಿ. ಮೊದ್ಲು ಹೊಟ್ಟಿ, ಆಮ್ಯಾಲೆ ರಕ್ತ, ಆಮ್ಯಾಲೆ ಅದು" ಎನ್ನುತ್ತಿದ್ದರು. ನನಗೆ ಅಳು ಹೋಗಿ ನಗು ಬರುತ್ತಿತ್ತು.

ಡಾಕ್ಟರರ ಕಥೆ ಹೇಳದಿದ್ದರೆ ತಪ್ಪಾದೀತು. ಒಂದು ದಿನ ತೋರಿಸಿಕೊಂಡು ಬರಲು ಯಜಮಾನರು ನನ್ನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದರು. ದೊಡ್ಡತ್ತೆಯೂ ಜೊತೆಗಿದ್ದರು. ಡಾಕ್ಟರು ಇನ್ನೂ ಮದುವೆಯಾಗದ ಹುಡುಗ, ತೆಳ್ಳಗೆ, ಕಣ್ಣ ಕೆಳಗೆ ಕಪ್ಪು. ದೊಡ್ಡತ್ತೆ ಕೈಮುಗಿದು, "ಜ್ವರ ಬಿಡಿಸಿದ್ರಿ ಡಾಕ್ಟ್ರ, ನಮ್ಮ ಹುಡುಗಿ ಜೀವ ಉಳಿಸಿದ್ರಿ" ಎಂದರು. ಆ ಮಾತಿನಲ್ಲಿ ಸ್ವಲ್ಪವೂ ಕೊಂಕಿರಲಿಲ್ಲ, ಡಾಕ್ಟರ ಮಾತ್ರೆಯನ್ನು ಹೊತ್ತು ತಪ್ಪದೆ ನುಂಗಿಸಿದವರು ಅವರೇ. ಆಮೇಲೆ ಡಾಕ್ಟರರ ಮಣಿಕಟ್ಟು ನೋಡುತ್ತ, "ಮುಂಜಾನಿ ಏನ ಉಂಡ್ರಿ?" ಎಂದರು.

"ಚಹಾ, ಬನ್ನು."

"ನಿನ್ನಿ ಮಧ್ಯಾಹ್ನ?"

"ಪುರುಸೊತ್ತಾಗಲಿಲ್ಲ ಅಮ್ಮ, ಚಹಾ ಕುಡಿದೆ."

ದೊಡ್ಡತ್ತೆ ಚೀಲಕ್ಕೆ ಕೈ ಹಾಕಿದರು. ನನ್ನ ಯಜಮಾನರು "ಅತ್ತಿ, ಬ್ಯಾಡ್ರಿ" ಎಂದು ಕಣ್ಣಲ್ಲೇ ಬೇಡಿಕೊಂಡರು. ಉಳ್ಳಾಗಡ್ಡಿ ಆಗಲೇ ಮೇಜಿನ ಮೇಲಿತ್ತು. ಡಾಕ್ಟರು ನಕ್ಕು, ತಮಾಷೆಗೆಂದು ಒಂದು ಗುದ್ದು ಕೊಟ್ಟರು. ಅದು ಪುಟಿದು ಉರುಳಿ ಔಷಧಿ ಬೀರುವಿನ ಅಡಿಗೆ ಹೋಯಿತು, ಕಂಪೌಂಡರು ಕೋಲು ಹಾಕಿ ಹೊರಗೆಳೆಯಬೇಕಾಯಿತು. ಹೊರಗೆ ಕೂತಿದ್ದ ರೋಗಿಗಳೆಲ್ಲ ಬಾಗಿಲ ಪರದೆ ಸರಿಸಿ ನೋಡುತ್ತಿದ್ದರು.

ಮರುದಿನದಿಂದ ನವಣೆ ಗಂಜಿಯ ಡಬ್ಬಿಯೊಂದು ದವಾಖಾನೆಗೂ ಹೋಗತೊಡಗಿತು. ಮೊದಲ ದಿನ ಡಾಕ್ಟರು ನನ್ನ ಯಜಮಾನರನ್ನು ಮೆಲ್ಲಗೆ ಕೇಳಿದ್ದರಂತೆ, "ಇವರು ಊರಿಗೆ ಯಾವಾಗ ಹೋಗ್ತಾರೆ?" ಎಂದು. ಎರಡು ವಾರದ ಮೇಲೆ ಮತ್ತೆ ಕರೆದು, "ಇಷ್ಟು ಬೇಗ ಊರಿಗೆ ಕಳಿಸಬೇಡ್ರಿ" ಎಂದರಂತೆ.

ನಾನೂ ಎಲ್ಲರಂತೆ ಕಳ್ಳತನ ಮಾಡಿದವಳೇ. ನಾಲ್ಕನೆಯ ವಾರ ನನಗೆ ಒಗ್ಗರಣೆ ಮಿರ್ಚಿಯ ಹುಚ್ಚು ಹತ್ತಿತು. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿದರೂ ತಿಳಿಯುವುದಿಲ್ಲ. ನೆನೆದ ಮಂಡಕ್ಕಿಗೆ ಹಾಕಿದ ಆ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ! ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು. ಯಜಮಾನರ ಕಾಲು ಹಿಡಿಯುವುದೊಂದು ಬಾಕಿ. ಅವರು ಕರಗಿ, ಸಂಜೆ ಮಿಲ್ಲಿನಿಂದ ಬರುವಾಗ ಅಂಗಿಯೊಳಗೆ ಪೊಟ್ಟಣ ಇಟ್ಟುಕೊಂಡು ಬಂದರು. ಆದರೆ ವಾಸನೆಯನ್ನು ಅಂಗಿಯೊಳಗೆ ಇಡಲು ಬರುತ್ತದೆಯೇ? ನಾನು ಪೊಟ್ಟಣ ಬಿಚ್ಚುವುದಕ್ಕೂ ದೊಡ್ಡತ್ತೆ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು.

ಬೈಯುತ್ತಾರೆ ಎಂದು ಇಬ್ಬರೂ ತಲೆ ತಗ್ಗಿಸಿದೆವು. ದೊಡ್ಡತ್ತೆ ಬೈಯಲಿಲ್ಲ. ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು, ನಮ್ಮ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ಒಗ್ಗರಣೆಯ ಕೊನೆಯ ಕಾಳಿನವರೆಗೆ, ಐದು ಮಿರ್ಚಿಯ ತೊಟ್ಟಿನವರೆಗೆ ಸಾವಕಾಶವಾಗಿ ತಿಂದು ಮುಗಿಸಿದರು. ಕಾಗದದಲ್ಲಿ ಕೈ ಒರೆಸಿಕೊಂಡು, "ಭಾಳ ಚಲೋ ಮಾಡ್ಯಾನ" ಎಂದರು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಆಮೇಲೆ ಯಜಮಾನರ ಕಡೆ ತಿರುಗಿ, "ನಿನ್ನ ಹೆಂಡ್ತಿ ಮ್ಯಾಲೆ ನಿನಗ ಕರುಣಿ ಬಂದೈತಿ. ಬರಲಿ. ಆದ್ರ ಈ ಕರುಣಿಗೆ ಕೂಸು ಇನ್ನ ಹದಿನೈದು ದಿನ ದೂರ ಆಕ್ಕೈತಿ, ಲೆಕ್ಕಾ ಹಾಕ್ಕೋ" ಎಂದರು. ಧ್ವನಿ ಏರಿರಲಿಲ್ಲ. ಆ ದಿನದಿಂದ ಗಂಜಿಗೆ ನಾನು ಮುಖ ತಿರುಗಿಸಲಿಲ್ಲ.

ಗೋಡೆಯ ಮೇಲಿನ ಗೆರೆಗಳು ಬೆಳೆದವು. ಮೊದಲ ಪರೀಕ್ಷೆಯಲ್ಲಿ ನನ್ನ ಮುಷ್ಟಿ ಜಾರಿ ನೆಲಕ್ಕೆ ಬಡಿದು ಎರಡು ದಿನ ಊದಿಕೊಂಡಿತು. ಉಳ್ಳಾಗಡ್ಡಿಗೆ ಏನೂ ಆಗಲಿಲ್ಲ. ಎರಡನೆಯ ಸಲ ಮೇಲಿನ ಸಿಪ್ಪೆ ಮಾತ್ರ ಹರಿಯಿತು. "ಸಿಪ್ಪಿ ಲೆಕ್ಕಕ್ಕಿಲ್ಲೇನ್ರಿ?" ಎಂದು ಅಂಗಲಾಚಿದೆ. "ಸಿಪ್ಪಿ ಗಾಳಿಗೂ ಹರೀತೈತಿ" ಎಂದರು. ಹುರಳಿ ಕಟ್ಟು ಶುರುವಾಯಿತು. ಹಾಲಿನಲ್ಲಿ ನೆನೆಸಿದ ರೊಟ್ಟಿ ಬಂತು, ನೆನೆಸದ ಬಿಸಿ ರೊಟ್ಟಿ ಬಂತು, ಅದರ ಮೇಲೆ ತುಪ್ಪ, ಅಗಸಿ ಚಟ್ನಿಪುಡಿ, ಗಟ್ಟಿ ಮೊಸರು ಬಂದವು. ಬಿಂದಿಗೆಯಲ್ಲಿ ಕಾಲು ಭಾಗ ನೀರು, ಅರ್ಧ ಭಾಗ ನೀರು, ಆಮೇಲೆ ತುಂಬಿದ ಬಿಂದಿಗೆಯನ್ನೇ ಸೊಂಟದ ಮೇಲಿಟ್ಟು ಅಂಗಳ ಸುತ್ತಿಸಿದರು. ಕೂಸು ಕೂರುವ ಸೊಂಟ ಅದೇ ತಾನೆ!

ಒಂದು ಬೆಳಿಗ್ಗೆ ರೊಟ್ಟಿ ಹಾಕಿಕೊಟ್ಟು, ಏನೂ ಹೇಳದೆ ಪಕ್ಕದಲ್ಲೊಂದು ಉಳ್ಳಾಗಡ್ಡಿ ಇಟ್ಟರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ನಾನು ಹಾಗೆ ಬೆವರಿದವಳಲ್ಲ. ಕೂಸಿನ ಮುಖ ನೆನೆದುಕೊಂಡೆ. ಗಾಬರಿಯಾಯಿತು, ಮುಖ ಸರಿಯಾಗಿ ನೆನಪಿಗೆ ಬರಲೊಲ್ಲದು. ಆ ಸಿಟ್ಟಿನಲ್ಲಿ ಗುದ್ದಿದೆ. ಉಳ್ಳಾಗಡ್ಡಿ ಪಚಕ್ಕೆಂದು ಒಡೆದು ಎಸಳುಗಳು ತಟ್ಟೆಯಾಚೆ ಹಾರಿದವು. ಇಬ್ಬರ ಕಣ್ಣಲ್ಲೂ ನೀರು. ಉಳ್ಳಾಗಡ್ಡಿ ಹಾಗೆ ಖಾರವಾಗಿತ್ತು ಎಂದು ಇಬ್ಬರೂ ಒಪ್ಪಿಕೊಂಡೆವು. ದೊಡ್ಡತ್ತೆ ಅರ್ಧ ತಾವು ತಿಂದು, ಸೆರಗು ಕೊಡವಿ, ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದರು. ಸಿರುಗುಪ್ಪದ ಬಸ್ಸಿನ ಕಂಡಕ್ಟರ ಕೈಯಲ್ಲಿ ಸಿರಿಗೇರಿಗೆ ಮಾತು ಹೋಯಿತು: ಕೂಸನ್ನ ತಗೊಂಡು ನಾಳಿ ಮೊದಲ ಬಸ್ಸಿಗೆ ಬಾ.

ಮರುದಿನ ಅತ್ತೆ ಬಂದರು. ನಾನು ಬಾಗಿಲಿಗೇ ಓಡಿದೆ. ಕೂಸು ಉದ್ದವಾಗಿತ್ತು, ಗಲ್ಲ ತುಂಬಿತ್ತು, ಕೆಳಗಡೆ ಎರಡು ಹಲ್ಲು ಬಂದಿದ್ದವು. ನಾನು ಕೈ ಚಾಚಿದೆ. ಅದು ನನ್ನನ್ನು ಒಂದು ಕ್ಷಣ ನೋಡಿ, ಚಿಟ್ಟನೆ ಚೀರಿ, ಅತ್ತೆಯ ಕುತ್ತಿಗೆಗೆ ಅಂಟಿಕೊಂಡಿತು.

ಏನೆಂದು ಹೇಳಲಿ? ಎರಡು ತಿಂಗಳು ಗಂಜಿ ಕುಡಿದು ಕೂಡಿಹಾಕಿದ ಶಕ್ತಿಯೆಲ್ಲ ಕಾಲಿನಿಂದ ಇಳಿದುಹೋಯಿತು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತೆ. ಅತ್ತೆಯೂ ಅಳತೊಡಗಿದರು. "ದಾರಿಯುದ್ದಕ್ಕೂ ನಿಮ್ಮವ್ವ ನಿಮ್ಮವ್ವ ಅಂತ ಹೇಳಿಕೋತ ಬಂದೀನವ್ವ. ನಿನ್ನಾಣಿ" ಎಂದರು. ಅವರ ತಪ್ಪೇನಿತ್ತು? ಸ್ವಂತ ಕೂಸಿನಂತೆ ನೋಡಿಕೊಂಡಿದ್ದರು.

ದೊಡ್ಡತ್ತೆ ಒಳಗಿನಿಂದ ಬಂದರು. ನನ್ನತ್ತೆಗೆ, "ಕೂಸನ್ನ ಚಾಪಿ ಮ್ಯಾಲೆ ಇಳಿಸು. ನೀ ಈಗಿಂದೀಗ ಊರಿಗೆ ಹೊಂಡು" ಎಂದರು. ಒಂದು ಲೋಟ ನೀರೂ ಕೊಡದೆ! ಅತ್ತೆಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವರು ದೊಡ್ಡತ್ತೆಯ ಮುಖ ನೋಡಿದರು, ಕೂಸನ್ನು ಇಳಿಸಿದರು, ಬಗ್ಗಿ ದೊಡ್ಡತ್ತೆಯ ಕಾಲು ಮುಟ್ಟಿ, "ಆಗಲ್ರಿ ಅಕ್ಕ" ಎಂದು ಬಂದ ಹಾಗೇ ಹೊರಟುಹೋದರು.

"ಯಾರೂ ಇದನ್ನ ಎತ್ತಂಗಿಲ್ಲ, ಉಣಸಂಗಿಲ್ಲ. ನೀ ಒಬ್ಬಾಕಿನ" ಎಂದರು ದೊಡ್ಡತ್ತೆ. "ಹಸಿವಿ ಆದಾಗ ಯಾರ ಕೈ ಮುಂದ ಬರತೈತಿ, ಕೂಸಿಗೆ ಅದ ಅವ್ವನ ಕೈ." ಹುರಿದ ಅಕ್ಕಿ, ಹೆಸರುಬೇಳೆಯ ಹಿಟ್ಟಿನಿಂದ ಗಂಜಿ ಮಾಡಿ ನನ್ನ ಕೈಗೆ ಬಟ್ಟಲು ಕೊಟ್ಟು ತಾವು ಹೊರಗೆ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತರು. ಆ ಬಿಸಿಲಿನಲ್ಲಿ! ಒಳಗೆ ಇನ್ನೊಂದು ಮಡಿಲು ಕಂಡರೆ ಕೂಸು ಅದಕ್ಕೆ ಹೋದೀತೆಂದು. ಕೂಸು ಅತ್ತಿತು, ಬಟ್ಟಲು ಒದೆಯಿತು, ನನ್ನ ಮುಖ ಪರಚಿತು. ನಾನು ಕೂತೇ ಇದ್ದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಚಮಚ ನುಂಗಿತು. ನುಂಗಿ, ಮತ್ತೆ ಅತ್ತಿತು. ಎರಡನೆಯ ದಿನ ಅಳುತ್ತಳುತ್ತಲೇ ಬಟ್ಟಲು ಮುಗಿಸಿತು. ಮೂರನೆಯ ದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಕೂತಿದ್ದೆ. ಚಾಪೆಯಿಂದ ಅಂಬೆಗಾಲಿಡುತ್ತ ತಾನಾಗಿಯೇ ಬಂದು ನನ್ನ ಸೆರಗು ಹಿಡಿದು ಎದ್ದು ನಿಂತಿತು. ನಾನು ಉಸಿರೂ ಆಡದೆ ಕೂತೆ. ಅದು ನನ್ನ ತೋಳಿಗೆ ಗಲ್ಲ ಒತ್ತಿತು.

ದೊಡ್ಡತ್ತೆ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಒಳಗೆ ಹೋಗಿ ತಮ್ಮ ಗಂಟು ಕಟ್ಟತೊಡಗಿದರು.

"ಇನ್ನ ನಾಕ ದಿನ ಇರ್ರಿ ದೊಡ್ಡತ್ತಿ" ಎಂದೆ. "ಕೂಸನ್ನ ಒಮ್ಮೆನೂ ಎತ್ತಿಕೊಂಡಿಲ್ಲ ನೀವು."

"ಎಮ್ಮಿ ಒಂದ ಐತಿ ಮನ್ಯಾಗ. ನಾ ಹೊಂಡಬೇಕು."

"ಎಲ್ಲಾರ ಮನ್ಯಾಗೂ ತಿಂಗಳುಗಟ್ಟಲೆ ಇರ್ತೀರಿ. ನನಗಷ್ಟ ಯಾಕ ಇಷ್ಟು ಅವಸರ ಮಾಡಿ ಎಬ್ಬಿಸಿದ್ರಿ?"

ಅವರು ಗಂಟು ಕಟ್ಟುತ್ತಲೇ ಇದ್ದರು. "ಹಡದ ಮ್ಯಾಲೆ ನನಗೂ ಹಿಂಗ ಜ್ವರ ಬಂದಿತ್ತು. ಕೂಸನ್ನ ಸಿರಿಗೇರಿಗೆ ಕಳಿಸಿದ್ರು. ಜ್ವರ ಬಿಡ್ತು. ಆದ್ರ ಉಣ್ಣಾಕ ಹಾಕಿ ಎಬ್ಬಿಸೋರು ಯಾರೂ ಇರಲಿಲ್ಲ. ನಾ ಏಳೋದ್ರಾಗ ಎರಡು ವರ್ಷ ಆತು" ಎಂದರು. ನನ್ನ ಕಡೆ ನೋಡಲಿಲ್ಲ. "ಹೋಗಿ ಕೈ ಚಾಚಿದೆ. ಬರಲಿಲ್ಲ. ನಿಮ್ಮ ಅತ್ತಿ ಸೆರಗಿನಾಗ ಮುಖ ಮುಚ್ಚಿಕೊಂಡು ಅತ್ತ. ಆಕಿಗೆ ಮಕ್ಕಳಿರಲಿಲ್ಲ, ಜೀವ ಇಟ್ಟಿದ್ಲು. ಅವನ ಅಳು ನೋಡಾಕ ಆಗಲಿಲ್ಲ ನನಗ. ಬಿಟ್ಟು ಬಂದೆ."

"ಯಾರ್ರಿ? ಯಾವ ಕೂಸು?"

"ನಿನ್ನ ಗಂಡ ಬೇ. ಮತ್ಯಾರು?"

ನಮ್ಮ ಮನೆಯಲ್ಲಿ ಯಾರೂ ಇದನ್ನು ನನಗೆ ಹೇಳಿರಲಿಲ್ಲ. "ಅವರಿಗೆ ಗೊತ್ತೇನ್ರಿ?" ಎಂದು ಕೇಳಿದೆ.

"ಗೊತ್ತೈತಿ. ಸಾಲಿಗೆ ಹೋಗೋವಾಗ ಯಾರೋ ಹೇಳ್ಯಾರ. ಅವತ್ತಿಂದ ನನ್ನ ಕಂಡಾಗೆಲ್ಲ ಮೊದಲ ಮಾತು 'ಉಂಡ್ರೇನ್ರಿ ಅತ್ತಿ' ಅಂತ ಕೇಳ್ತಾನ. ಅಷ್ಟ ಸಾಕು ಬಿಡು. ಅವನ ಅವ್ವನ ಮನಸ್ಸು ನೋಯಿಸಬಾರದು."

ಮಧ್ಯಾಹ್ನ ಯಜಮಾನರು ರಜೆ ಕೇಳಿಕೊಂಡು ಬಂದರು. ಚಪ್ಪಲಿ ಬಿಡುತ್ತಲೇ "ಉಂಡ್ರೇನ್ರಿ ಅತ್ತಿ?" ಎಂದರು. "ಉಂಡೀನಪ್ಪ" ಎಂದರು ದೊಡ್ಡತ್ತೆ. ನಾನು ಇಬ್ಬರ ಮುಖವನ್ನೂ ನೋಡಿದೆ. ಅದೇ ಅಗಲ ಹಣೆ, ಅದೇ ಹುಬ್ಬು. ಇಷ್ಟು ದಿನ ಎದುರೆದುರು ಕೂತು ಗಂಜಿ ಕುಡಿದವಳಿಗೆ ಅದು ಕಾಣದೆ ಹೋದದ್ದು ಹೇಗೆ?

ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ, ಕೂಸನ್ನು ಸೊಂಟದ ಮೇಲಿಟ್ಟುಕೊಂಡು. ಯಜಮಾನರು ಗಂಟು ಏರಿಸಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಅವರನ್ನು ಕೂರಿಸಿ, ದಾರಿಗೆಂದು ಬಾಳೆಹಣ್ಣು ತರಲು ಹೋದರು. ನಾನು ಬಸ್ಸು ಹತ್ತಿ ಕೂಸನ್ನು ದೊಡ್ಡತ್ತೆಯ ಮಡಿಲಲ್ಲಿ ಇಟ್ಟೆ.

"ಬ್ಯಾಡ ಬೇ, ಅಳತಾನ" ಎಂದು ಅವರು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು. ಅಷ್ಟು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೂಸು ಅಳಲಿಲ್ಲ. ಅವರ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದು ಎಳೆದು ಬಾಯಿಗಿಟ್ಟುಕೊಂಡಿತು. ದೊಡ್ಡತ್ತೆಯ ಕೈಗಳು ಮೆಲ್ಲಗೆ ಬಂದು ಅದರ ಬೆನ್ನ ಮೇಲೆ ಕೂತವು. ಅವರು ಕೂಸಿನ ನೆತ್ತಿಗೆ ಮೂಗು ಹಚ್ಚಿ ಕಣ್ಣು ಮುಚ್ಚಿಕೊಂಡರು.

ಕಂಡಕ್ಟರು ಸೀಟಿ ಬಾಯಿಗಿಟ್ಟ. "ಒಂದು ಸ್ವಲ್ಪ ತಡೀರಿ" ಎಂದೆ. ಆತ ದೊಡ್ಡತ್ತೆಯನ್ನು ನೋಡಿದ, ಸೀಟಿ ಜೇಬಿಗೆ ಹಾಕಿಕೊಂಡ, ಹಿಂದಿನ ಸೀಟಿನಿಂದ ಮತ್ತೊಮ್ಮೆ ಟಿಕೆಟ್ಟು ಕೇಳುತ್ತ ಹೋದ.